ಗಿಳಿ ಹಿಡಿದ ಕೋಡಂಗಿಗೆ ಅಲ್ಲೇನು ಕೆಲಸ? ವೆನಿಸ್‌ನ ಒಂದು ಭೋಜನ ಚಿತ್ರದ ಪ್ರಕರಣ

1573ರ ಜುಲೈ 18, ಶನಿವಾರ. ಕ್ಯಾಥೊಲಿಕ್ ವಿಶ್ವಾಸಕ್ಕೆ ವಿರುದ್ಧವಾದದ್ದನ್ನು ವಿಚಾರಿಸುವ ವೆನಿಸ್ ನಗರದ ಧರ್ಮವಿಚಾರಣಾ ಮಂಡಳಿಯ ಮುಂದೆ ನಲವತ್ತೈದು ವರ್ಷದ ಒಬ್ಬ ಚಿತ್ರಕಾರ ಬಂದು ನಿಂತ. ಕಸುಬೇನು ಎಂದು ಕೇಳಿದರು. ಚಿತ್ರ ಬರೆಯುತ್ತೇನೆ, ಆಕೃತಿಗಳನ್ನು ಮಾಡುತ್ತೇನೆ ಎಂದ. ಯಾಕೆ ಕರೆಸಿದ್ದೇವೆ ಗೊತ್ತೇ ಎಂದರು. ಗೊತ್ತಿಲ್ಲ ಎಂದ. ಊಹಿಸಬಲ್ಲೆಯಾ ಎಂದರು. ಊಹಿಸಬಲ್ಲೆ ಎಂದ.

ಅವನ ಊಹೆ ಒಂದು ನಾಯಿಯ ಬಗ್ಗೆ ಇತ್ತು.

ಚಿತ್ರಕಾರನ ಹೆಸರು ಪಾವೊಲೊ ಕಾಲಿಯಾರಿ. ವೆರೋನಾ ಊರಿನ ಕಲ್ಲುಕುಟಿಗನ ಮಗ. ಆದ್ದರಿಂದಲೇ ಲೋಕಕ್ಕೆಲ್ಲ ಅವನು ವೆರೊನೇಸೆ. ಆ ಹೊತ್ತಿಗೆ ವೆನಿಸ್‌ನಲ್ಲಿ ಅವನಿಗಿಂತ ಬೇಡಿಕೆಯಿದ್ದ ಕೈಗಳು ಒಂದೆರಡು ಇದ್ದಿರಬಹುದು, ಅಷ್ಟೇ. ದೊಡ್ಡ ಗೋಡೆ, ದೊಡ್ಡ ಔತಣ, ಪಟ್ಟೆ ರೇಷ್ಮೆ, ಬೆಳ್ಳಿ ತಟ್ಟೆ, ಅಮೃತಶಿಲೆಯ ಕಂಬ: ಇವುಗಳನ್ನು ಅವನಂತೆ ಬರೆಯುವವರು ಇರಲಿಲ್ಲ. ಸಂತ ಯೊವಾನ್ನ ಮತ್ತು ಸಂತ ಪೌಲರ ಹೆಸರಿನ ದೊಮಿನಿಕನ್ ಮಠದ ಭೋಜನಶಾಲೆಯಲ್ಲಿ ಮೊದಲು ಟಿಷಿಯನ್ ಬರೆದ ಕೊನೆಯ ಭೋಜನದ, ಅಂದರೆ ಯೇಸು ಸಾವಿನ ಹಿಂದಿನ ರಾತ್ರಿ ಶಿಷ್ಯರೊಂದಿಗೆ ಮಾಡಿದ ಊಟದ, ಚಿತ್ರವಿತ್ತು. 1571ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಖಾಲಿಯಾದ ಆ ಗೋಡೆಗೆ ಅದೇ ಪ್ರಸಂಗವನ್ನು ಮತ್ತೆ ಬರೆಯುವ ಕೆಲಸ ವೆರೊನೇಸೆಗೆ ಬಂತು. ಅವನು ಬರೆದುಕೊಟ್ಟದ್ದು ಐದೂವರೆ ಮೀಟರ್ ಎತ್ತರದ, ಸುಮಾರು ಹದಿಮೂರು ಮೀಟರ್ ಅಗಲದ ಕ್ಯಾನ್ವಾಸ್. ಅದರ ಮೇಲೆ ನಮೂದಾಗಿರುವ ತಾರೀಕು 1573ರ ಏಪ್ರಿಲ್ 20. ಮೂರು ತಿಂಗಳು ತುಂಬುವುದರೊಳಗೆ ಕರೆ ಬಂತು.

ಚಿತ್ರವನ್ನು ಕಾಣದವರಿಗಾಗಿ ಒಂದಿಷ್ಟು ಹೇಳಬೇಕು. ಮೂರು ಭಾರಿ ಕಮಾನುಗಳು. ಅವುಗಳ ಕೆಳಗೆ ಉದ್ದಕ್ಕೆ ಹಾಸಿದ ಮೇಜು. ನಡುಗಮಾನಿನ ಕೆಳಗೆ ಯೇಸು. ಹಿಂದೆ ತೆರೆದ ಆಕಾಶ, ದೂರದ ಕಟ್ಟಡಗಳು. ಒಂದು ಮಗ್ಗುಲಲ್ಲಿ ಶಿಷ್ಯ ಯೊವಾನ್ನ, ಇನ್ನೊಂದು ಮಗ್ಗುಲಲ್ಲಿ ಕುರಿಮರಿಯ ಮಾಂಸವನ್ನು ತುಂಡು ಮಾಡುತ್ತಿರುವ ಪೇತ್ರ. ಇಷ್ಟು ಎಲ್ಲರೂ ನಿರೀಕ್ಷಿಸುವಂಥದ್ದೇ. ಆದರೆ ಮೇಜಿನ ಎರಡೂ ಕಡೆ ಕೆಳಕ್ಕಿಳಿಯುವ ಮೆಟ್ಟಿಲುಗಳಿವೆ, ಆ ಮೆಟ್ಟಿಲುಗಳ ತುಂಬ ಜನ. ಮೂಗಿನಿಂದ ರಕ್ತ ಸುರಿಸಿಕೊಂಡು ನಿಂತ ಒಬ್ಬ ಆಳು. ಜರ್ಮನ್ ಉಡುಪಿನ ಇಬ್ಬರು ಕಾವಲುಗಾರರು, ಕೈಯಲ್ಲಿ ಉದ್ದ ಹಿಡಿಯ ಆಯುಧ. ಒಬ್ಬ ಕುಡಿಯುತ್ತಾನೆ, ಒಬ್ಬ ತಿನ್ನುತ್ತಾನೆ. ಮುಂಗೈ ಮೇಲೆ ಗಿಳಿ ಕೂರಿಸಿಕೊಂಡ ಕುಬ್ಜ ಕೋಡಂಗಿ. ತಟ್ಟೆ ಹೊತ್ತವರು, ಹೂಜಿ ಬಗ್ಗಿಸುವವರು, ಸುಮ್ಮನೆ ಇಣುಕುವವರು. ಎಲ್ಲಕ್ಕೂ ಮುಂದೆ ಒಂದು ನಾಯಿ ಕೂತಿದೆ. ಮೇಜಿನ ಕೆಳಗೆ ಒಂದು ಬೆಕ್ಕು ಕೂಡ ಇದೆ, ನಾಯಿಯ ಕಣ್ಣು ಅದರ ಮೇಲೆ.

ಆ ನಾಯಿಯನ್ನು ತೆಗೆದು ಅಲ್ಲಿ ಮಗ್ದಲದ ಮರಿಯಳನ್ನು ಬರೆಯಬೇಕು ಎಂದು ಮಂಡಳಿ ಮಠದ ಮುಖ್ಯಸ್ಥರ ಮೂಲಕ ಮೊದಲೇ ಹೇಳಿಕಳಿಸಿತ್ತು. ಚಿತ್ರದ ಮರ್ಯಾದೆಗೂ ತನ್ನ ಮರ್ಯಾದೆಗೂ ಬೇಕಾದ್ದನ್ನು ಮಾಡಲು ಸಿದ್ಧ, ಆದರೆ ಮರಿಯಳ ಆಕೃತಿ ಅಲ್ಲಿ ಹೊಂದುವುದಿಲ್ಲ ಎಂದು ವೆರೊನೇಸೆ ಉತ್ತರ ಕೊಟ್ಟಿದ್ದ. ಈ ಪುಟ್ಟ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಪ್ರಕರಣದ ಬೀಗದ ಕೈ ಇಲ್ಲೇ ಇದೆ ಎಂದು ನನ್ನ ಎಣಿಕೆ.

ಹೆದರಿಕೆ ಎಲ್ಲಿಂದ ಬಂತು

ಊಟದ ಮನೆಯ ಒಂದು ಚಿತ್ರಕ್ಕೆ ಇಷ್ಟು ರಂಪ ಏಕೆ? ಧರ್ಮಾಧಿಕಾರಿಗಳಿಗೆ ಮಾಡಲು ಬೇರೆ ಕೆಲಸವಿರಲಿಲ್ಲ ಎಂದು ನಕ್ಕುಬಿಡುವುದು ಸುಲಭ. ಆ ಕಾಲದಲ್ಲಿ ಕೊನೆಯ ಭೋಜನದ ಮೇಜಿಗಿಂತ ಬಿಸಿಯಾದ ಮೇಜು ಕ್ರೈಸ್ತ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿ ಕ್ರಿಸ್ತನ ದೇಹ ಮತ್ತು ರಕ್ತವಾಗುತ್ತವೆಯೇ, ಪಾನಪಾತ್ರೆ ಸಾಮಾನ್ಯ ಭಕ್ತರಿಗೂ ಸಲ್ಲಬೇಕೇ ಎಂಬ ಪ್ರಶ್ನೆಗಳ ಮೇಲೆ ಧರ್ಮಸಭೆ ಒಡೆದು ಹೋಳಾಗಿತ್ತು. ಪೋಪರ ವಿರುದ್ಧ ಬಂಡೆದ್ದ ಲೂಥರನ ಊರಾದ ವಿಟೆನ್‌ಬರ್ಗ್‌ನ ಚರ್ಚಿನಲ್ಲಿ 1547ರಲ್ಲಿ ಪ್ರತಿಷ್ಠಾಪಿಸಿದ ಪೀಠದ ಚಿತ್ರದಲ್ಲಿ ಚಿತ್ರಕಾರ ಕ್ರಾನಾಖ್ ಲೂಥರನನ್ನೇ ಶಿಷ್ಯರ ಸಾಲಿನಲ್ಲಿ ಕೂರಿಸಿ, ಅವನ ಕೈಗೆ ಪಾನಪಾತ್ರೆ ದಾಟಿಸುವ ಹಾಗೆ ಬರೆದಿದ್ದ. ಅದಕ್ಕೂ ಮೊದಲು, 1521ರಲ್ಲಿ, ಅದೇ ಕ್ರಾನಾಖನ ಮರದಚ್ಚಿನ ಚಿತ್ರಗಳು ಕೈಯಿಂದ ಕೈಗೆ ಹರಿದಾಡಿದ್ದವು: ಒಂದು ಪುಟದಲ್ಲಿ ಶಿಷ್ಯರ ಪಾದ ತೊಳೆಯುವ ಕ್ರಿಸ್ತ, ಎದುರು ಪುಟದಲ್ಲಿ ತನ್ನ ಪಾದಕ್ಕೆ ಮುತ್ತಿಡಿಸಿಕೊಳ್ಳುವ ಪೋಪ್. ಓದು ಬಾರದವನಿಗೂ ಅರ್ಥವಾಗುವ ಬೈಗುಳ ಅದು.

ಚಿತ್ರವೆಂದರೆ ಓದು ಬಾರದವರ ಪುಸ್ತಕ ಎಂಬ ಮಾತಿಗೆ ಆಗಲೇ ಸಾವಿರ ವರ್ಷ ಸಮೀಪಿಸಿತ್ತು. ಚಿತ್ರಗಳನ್ನು ಒಡೆಸಿದ ಒಬ್ಬ ಬಿಷಪರಿಗೆ ಮೊದಲನೆಯ ಗ್ರೆಗರಿ ಪೋಪರು ಕ್ರಿ.ಶ. 600ರ ಸುಮಾರಿಗೆ ಬರೆದ ಪತ್ರದ ಸಾರ ಇದು. ಪುಸ್ತಕವೆಂದ ಮೇಲೆ ತಪ್ಪು ಪುಸ್ತಕವೂ ಇರಬಹುದಲ್ಲ! 1563ರ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ತನ್ನ ಕೊನೆಯ ಅಧಿವೇಶನದಲ್ಲಿ ಪವಿತ್ರ ಚಿತ್ರಗಳನ್ನು ಉಳಿಸಿಕೊಳ್ಳಬೇಕು ಎಂದು ಗಟ್ಟಿಯಾಗಿ ಹೇಳಿತು. ಅದೇ ಉಸಿರಿನಲ್ಲಿ, ತಪ್ಪು ಬೋಧನೆಗೆ ಎಡೆ ಮಾಡುವಂಥದ್ದು, ಅಸಭ್ಯವಾದದ್ದು, ವಾಡಿಕೆಯಲ್ಲಿ ಇಲ್ಲದ್ದು ಬಿಷಪರ ಒಪ್ಪಿಗೆಯಿಲ್ಲದೆ ಒಳಗೆ ಬರಕೂಡದು ಎಂದೂ ಹೇಳಿತು. ವೆರೊನೇಸೆಯ ಮುಂದೆ ಕೂತವರು ಹತ್ತು ವರ್ಷ ಹಳೆಯದಾದ ಆ ನಿರ್ಣಯವನ್ನು ಜಾರಿಗೆ ತರಬೇಕಾದವರು.

ಆದರೆ ಇದು ವೆನಿಸ್. ಇಲ್ಲಿಯ ಗಣರಾಜ್ಯ ರೋಮಿಗೆ ಕೈ ಮುಗಿಯುತ್ತಿತ್ತು, ತಲೆ ಒಪ್ಪಿಸುತ್ತಿರಲಿಲ್ಲ. ಪೋಪರ ರಾಯಭಾರಿ, ನಗರದ ಮಹಾಧರ್ಮಾಧ್ಯಕ್ಷರು, ವಿಚಾರಣಾಧಿಕಾರಿ ಇವರ ಜೊತೆಗೆ ಸರ್ಕಾರದ ಮೂವರು ಗೃಹಸ್ಥ ಪ್ರತಿನಿಧಿಗಳಿಗೂ ಮಂಡಳಿಯಲ್ಲಿ ಜಾಗವಿತ್ತು; 1547ರಿಂದ ನಡೆದುಬಂದ ಏರ್ಪಾಡು ಅದು. ಮುಂದೆ ಬಂದ ತೀರ್ಪು ಅಷ್ಟು ಮೆತ್ತಗಿರುವುದಕ್ಕೆ ಈ ಏರ್ಪಾಡೂ ಒಂದು ಕಾರಣವಿರಬೇಕು.

ಪ್ರಶ್ನೆ, ಉತ್ತರ

ವಿಚಾರಣೆಯ ದಾಖಲೆ ವೆನಿಸ್‌ನ ಸರ್ಕಾರಿ ಪತ್ರಾಗಾರದಲ್ಲಿ ಉಳಿದುಬಂದಿದೆ. ಗಟ್ಟಿಯಾಗಿ ಓದಿದರೆ ಹತ್ತು ನಿಮಿಷದ ನಾಟಕ. ಅದರ ಸಾರವನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ.

ಯಾವ ಚಿತ್ರ ಎಂದು ಕೇಳಿದಾಗ ಅವನು ಕೊಟ್ಟ ಉತ್ತರವೇ ಸ್ವಲ್ಪ ಗೋಜಲು: ಯೇಸು ತನ್ನ ಶಿಷ್ಯರೊಂದಿಗೆ ಸೀಮೋನನ ಮನೆಯಲ್ಲಿ ಮಾಡಿದ ಕೊನೆಯ ಭೋಜನ. ಶುಭಸಂದೇಶಗಳಲ್ಲಿ ಕೊನೆಯ ಭೋಜನ ನಡೆಯುವುದು ಹೆಸರಿಲ್ಲದ ಒಬ್ಬನ ಮಹಡಿಯ ಕೋಣೆಯಲ್ಲಿ. ಸೀಮೋನನ ಮನೆಯ ಊಟ ಬೇರೆಯೇ. ಯಾರೂ ತಿದ್ದಲಿಲ್ಲ. ಎತ್ತರ, ಅಗಲ, ಕ್ಯಾನ್ವಾಸೋ ಹಲಗೆಯೋ ಎಂದೆಲ್ಲ ಕೇಳಿದರು. ಎಷ್ಟು ಸೇವಕರನ್ನು ಬರೆದಿದ್ದೀಯೆ ಎಂದರು. ಮನೆಯ ಯಜಮಾನ ಸೀಮೋನ, ಊಟದ ಮೇಲ್ವಿಚಾರಕ, ಹೀಗೆ ಒಂದಿಬ್ಬರನ್ನು ಹೇಳಿ, ಉಳಿದವರು ನೆನಪಿಲ್ಲ, ಚಿತ್ರ ತೂಗುಹಾಕಿ ಬಹಳ ದಿನವಾಯಿತು ಎಂದ. ಮೂರು ತಿಂಗಳು!

ಆ ಮೂಗಿನಲ್ಲಿ ರಕ್ತ ಬರುತ್ತಿರುವವನ ಅರ್ಥವೇನು? ಏನೋ ಪೆಟ್ಟಾಗಿ ಮೂಗಿನಲ್ಲಿ ರಕ್ತ ಬಂದ ಸೇವಕ, ಅಷ್ಟೇ. ಆಯುಧ ಹಿಡಿದ ಆ ಜರ್ಮನರು? ಇದಕ್ಕೆ ನಾಲ್ಕು ಮಾತು ಹೆಚ್ಚಾಗಿ ಹೇಳಬೇಕು ಎಂದು ಅಪ್ಪಣೆ ಕೇಳಿದ. ಕವಿಗಳಿಗೂ ಹುಚ್ಚರಿಗೂ ಇರುವ ಸಲಿಗೆಯನ್ನು ನಾವು ಚಿತ್ರಕಾರರೂ ತೆಗೆದುಕೊಳ್ಳುತ್ತೇವೆ. ಮನೆಯ ಯಜಮಾನ ದೊಡ್ಡ ಸಿರಿವಂತ ಎಂದು ಕೇಳಿದ್ದೇನೆ, ಅಂಥವನ ಮನೆಯಲ್ಲಿ ಇಂಥ ಕಾವಲುಗಾರರು ಇರುವುದು ಸಹಜವೆಂದು ತೋರಿತು ಎಂದ. ಗಿಳಿ ಹಿಡಿದ ಕೋಡಂಗಿ? ಅಲಂಕಾರಕ್ಕೆ, ರೂಢಿಯಂತೆ. ಮೇಜಿನಲ್ಲಿ ಮೊದಲನೆಯವರಾದ ಪೇತ್ರ ಏನು ಮಾಡುತ್ತಿದ್ದಾರೆ? ಕುರಿಮರಿಯನ್ನು ತುಂಡು ಮಾಡಿ ಆ ತುದಿಗೆ ಕಳಿಸಲಿದ್ದಾರೆ. ಪಕ್ಕದವರು? ತಟ್ಟೆ ಒಡ್ಡಿದ್ದಾರೆ. ಅವರ ಆಚೆ ಇರುವವರು? ಮುಳ್ಳುಚಮಚದಿಂದ ಹಲ್ಲು ಕೆದಕಿಕೊಳ್ಳುತ್ತಿದ್ದಾರೆ.

ಯೇಸುವಿನ ಹನ್ನೆರಡು ಶಿಷ್ಯರಲ್ಲೊಬ್ಬನಾದ ಪ್ರೇಷಿತ ಹಲ್ಲು ಕೆದಕಿಕೊಳ್ಳುತ್ತಿದ್ದಾನೆ ಎಂಬ ಉತ್ತರ ಕೇಳಿ ಆ ಕೋಣೆಯಲ್ಲಿ ಯಾರಾದರೂ ನಕ್ಕರೋ ಇಲ್ಲವೋ, ದಾಖಲೆ ಬರೆದುಕೊಂಡವನು ಅದನ್ನು ಗುರುತಿಸಿಲ್ಲ.

ಮುಂದಿನದೇ ಮುಖ್ಯ ಪ್ರಶ್ನೆ. ಆ ಭೋಜನದಲ್ಲಿ ನಿಜವಾಗಿ ಯಾರು ಯಾರು ಇದ್ದರೆಂದು ನೀನು ನಂಬುತ್ತೀಯೆ? ಕ್ರಿಸ್ತ ಮತ್ತು ಶಿಷ್ಯರು ಇದ್ದರೆಂದು ನಂಬುತ್ತೇನೆ. ಚಿತ್ರದಲ್ಲಿ ಜಾಗ ಉಳಿದರೆ ನನಗೆ ತೋಚಿದ ಆಕೃತಿಗಳಿಂದ ತುಂಬುತ್ತೇನೆ. ಕೋಡಂಗಿಗಳನ್ನು, ಜರ್ಮನರನ್ನು ಬರೆಯೆಂದು ಯಾರಾದರೂ ಹೇಳಿದ್ದರೇ? ಇಲ್ಲ, ಚಿತ್ರವನ್ನು ನನಗೆ ಸರಿಕಂಡಂತೆ ಅಲಂಕರಿಸೆಂದು ಹೇಳಿದ್ದರು, ಅದು ದೊಡ್ಡದು, ಬಹಳ ಜನ ಹಿಡಿಯುತ್ತಾರೆ. ಪ್ರಭುವಿನ ಭೋಜನದಲ್ಲಿ ಕೋಡಂಗಿಗಳು, ಕುಡುಕರು, ಜರ್ಮನರು, ಕುಬ್ಜರು ಇರುವುದು ಯೋಗ್ಯವೆಂದು ನಿನಗೆ ತೋರುತ್ತದೆಯೇ? ಇಲ್ಲ. ಮತ್ತೇಕೆ ಬರೆದೆ? ಅವರೆಲ್ಲ ಊಟ ನಡೆಯುವ ಜಾಗದ ಹೊರಗಿದ್ದಾರೆ ಎಂದುಕೊಂಡು. ಜರ್ಮನಿಯಂಥ ಪಾಷಂಡ ಸೋಂಕಿದ ನಾಡುಗಳಲ್ಲಿ ಇಂಥ ಹೊಲಸು ಚಿತ್ರಗಳಿಂದಲೇ ಧರ್ಮಸಭೆಯನ್ನು ಅಣಕಿಸುತ್ತಾರೆ ಎಂಬುದು ನಿನಗೆ ತಿಳಿಯದೇ? ಅದು ತಪ್ಪೆಂದು ಒಪ್ಪುತ್ತೇನೆ. ಆದರೆ ನಾನು ನನ್ನ ಹಿರಿಯರ ಹಾದಿಯಲ್ಲಿ ನಡೆದಿದ್ದೇನೆ.

ಯಾವ ಹಿರಿಯರು ಎಂದದ್ದಕ್ಕೆ ಅವನು ಎಳೆದುತಂದದ್ದು ಮೈಕೆಲೇಂಜೆಲೊನನ್ನು. ರೋಮಿನಲ್ಲಿ, ಪೋಪರ ಸ್ವಂತ ಪ್ರಾರ್ಥನಾಲಯದ ಅಂತಿಮ ತೀರ್ಪಿನ ಚಿತ್ರದಲ್ಲಿ ಅವನು ಎಲ್ಲರನ್ನೂ ಬೆತ್ತಲೆ ಬರೆದಿಲ್ಲವೇ? ಜಾಣ ಏಟು, ಆದರೆ ತಡವಾದ ಏಟು. ಎಂಟು ವರ್ಷ ಹಿಂದೆಯೇ ದಾನಿಯೆಲೆ ದಾ ವೋಲ್ತೆರಾ ಎಂಬ ಚಿತ್ರಕಾರ ಆ ಬೆತ್ತಲೆ ಸಂತರಿಗೆ ಬಟ್ಟೆ ಬರೆದು, ಚಡ್ಡಿ ಹೊಲಿಯುವವ ಎಂಬ ಅಡ್ಡಹೆಸರು ಗಳಿಸಿಕೊಂಡಿದ್ದ. ಅದನ್ನು ಎತ್ತದೆ ಮಂಡಳಿ ಇನ್ನೂ ಚೊಕ್ಕವಾದ ಉತ್ತರ ಕೊಟ್ಟಿತು: ಅಂತಿಮ ತೀರ್ಪಿನ ದಿನ ಯಾರಿಗೆ ಬಟ್ಟೆ? ಅಲ್ಲಿರುವುದೆಲ್ಲ ಆತ್ಮಕ್ಕೆ ಸೇರಿದ್ದು. ಅಲ್ಲಿ ಕೋಡಂಗಿಗಳಿಲ್ಲ, ನಾಯಿಗಳಿಲ್ಲ, ಆಯುಧಗಳಿಲ್ಲ. ಮೈಕೆಲೇಂಜೆಲೊನ ಆ ಗೋಡೆಯನ್ನು ಒಂದೇ ವಾಕ್ಯದಲ್ಲಿ ಹೀಗೆ ಸಮರ್ಥಿಸಿದ ಕಲಾವಿಮರ್ಶಕರು ಹೆಚ್ಚಿಲ್ಲ.

ತೀರ್ಪು: ಮೂರು ತಿಂಗಳೊಳಗೆ, ತನ್ನದೇ ಖರ್ಚಿನಲ್ಲಿ, ಮಂಡಳಿ ಒಪ್ಪುವಂತೆ ಚಿತ್ರವನ್ನು ತಿದ್ದತಕ್ಕದ್ದು.

ತಿದ್ದುಪಡಿ

ವೆರೊನೇಸೆ ಒಂದು ಸಾಲು ಬರೆದ. ಲೇವಿ ಪ್ರಭುವಿಗೆ ದೊಡ್ಡ ಔತಣ ಮಾಡಿಸಿದನು ಎಂದು ಕಲ್ಲಿನ ಕಟಾಂಜನದ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದಂತೆ ಬರೆದು, ಎದುರು ಬದಿಯಲ್ಲಿ ಆಧಾರವನ್ನೂ ಕೊಟ್ಟ: ಲೂಕ, ಐದನೆಯ ಅಧ್ಯಾಯ. ಕೊನೆಯ ಭೋಜನ ಹೀಗೆ ಲೇವಿಯ ಮನೆಯ ಔತಣವಾಯಿತು. ಕೋಡಂಗಿ, ಗಿಳಿ, ಜರ್ಮನರು ಇದ್ದಲ್ಲೇ ಇದ್ದಾರೆ. ನಾಯಿ ನಾಯಿಯಾಗಿಯೇ ಉಳಿಯಿತು. ಮಂಡಳಿ ಮತ್ತೆ ಕರೆಸಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಈ ಪ್ರಕರಣವನ್ನು ಕಲಾವಿದನ ಸ್ವಾತಂತ್ರ್ಯದ ವೀರಗಾಥೆಯಾಗಿ ಹೇಳುವ ವಾಡಿಕೆಯಿದೆ. ದಾಖಲೆ ಓದಿದ ಮೇಲೆ ನನಗೆ ಆ ವೀರ ಕಾಣಲಿಲ್ಲ. ಕಂಡದ್ದು ಕೆಲಸ ಬಲ್ಲ, ಮಾತು ಬಾರದ, ತುಸು ಹೆದರಿದ ಒಬ್ಬ ಮನುಷ್ಯ. ಕೇಳಿದ್ದಕ್ಕೆ ಒಪ್ಪುತ್ತಾನೆ, ಹಿರಿಯರ ಬೆನ್ನ ಹಿಂದೆ ಅಡಗುತ್ತಾನೆ, ನೆನಪಿಲ್ಲ ಎನ್ನುತ್ತಾನೆ. ಕವಿಗಳ, ಹುಚ್ಚರ ಆ ಪ್ರಸಿದ್ಧ ಮಾತನ್ನು ಎದೆ ಸೆಟೆಸಿ ಆಡಿದನೆಂದು ನನಗನಿಸುವುದಿಲ್ಲ. ನಮ್ಮಂಥವರ ಮಾತಿಗೇನು ಬೆಲೆ, ಬಿಟ್ಟುಬಿಡಿ ಎಂಬ ಧಾಟಿಯೇ ಅದರಲ್ಲಿ ಕೇಳುತ್ತದೆ.

ವಿಚಾರಿಸಿದವರೂ ಮೂರ್ಖರಲ್ಲ. ಹದಿಮೂರು ಮೀಟರ್ ಚಿತ್ರದಲ್ಲಿ ಹಲ್ಲು ಕೆದಕುವ ಒಬ್ಬನನ್ನು ಅವರು ಹುಡುಕಿದ್ದರು. ಇಂದು ವೆನಿಸ್‌ನ ಅಕಾಡೆಮಿಯಾ ಸಂಗ್ರಹಾಲಯದಲ್ಲಿ ಅದೇ ಚಿತ್ರದ ಮುಂದೆ ಮೊಬೈಲ್ ಎತ್ತಿ ಮುಂದೆ ಸಾಗುವ ಜನರಲ್ಲಿ ಅವನನ್ನು ಕಾಣುವವರು ಎಷ್ಟು ಮಂದಿ? ಚಿತ್ರದ ಪ್ರತಿ ಮೂಲೆಯೂ ವಿಶ್ವಾಸದ ಬಗ್ಗೆ ಏನೋ ಹೇಳುತ್ತದೆ ಎಂದು ಅವರು ನಂಬಿದ್ದರು. ಅಲಂಕಾರಕ್ಕೆ ಎಂಬ ಉತ್ತರ ಅವರಿಗೆ ಸಾಲದಾದದ್ದು ಆ ನಂಬಿಕೆಯಿಂದಲೇ. ಅವರ ಪ್ರಕಾರ ಪವಿತ್ರ ಚಿತ್ರವೆಂದರೆ ಒಂದು ವಾಕ್ಯ. ವಾಕ್ಯದಲ್ಲಿ ಬೇಡದ ಪದ ಇರಕೂಡದು. ವೆರೊನೇಸೆಯ ಪ್ರಕಾರ ಅದೊಂದು ಹಬ್ಬದ ಮನೆ. ಹಬ್ಬದ ಮನೆಗೆ ಕರೆಯದವರೂ ಬರುತ್ತಾರೆ. ಅವನಿಗೆ ಇದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಬರೆದು ತೋರಿಸಿದ್ದ.

ಈಗ ನಾಯಿಯ ವಿಷಯಕ್ಕೆ ಬರುತ್ತೇನೆ. ಮರಿಯಳನ್ನು ಬರೆ ಎಂದದ್ದು ಏಕೆ? ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ ಪಂಥದ ಸೀಮೋನನ ಮನೆಯ ಊಟದಲ್ಲಿ ಪಾಪಿಯಾದ ಒಬ್ಬ ಹೆಂಗಸು ಬಂದು ಯೇಸುವಿನ ಪಾದವನ್ನು ಕಣ್ಣೀರಿನಿಂದ ತೊಳೆಯುತ್ತಾಳೆ. ಪಶ್ಚಿಮದ ಸಂಪ್ರದಾಯದಲ್ಲಿ ಅವಳೇ ಮಗ್ದಲದ ಮರಿಯ. ಕೊನೆಯ ಭೋಜನದಲ್ಲಿ ಅವಳಿಗೆ ಕೆಲಸವಿಲ್ಲ. ಅಂದರೆ ಮರಿಯ ಬಂದರೆ ಚಿತ್ರವೇ ಬೇರೆ ಊಟದ ಚಿತ್ರವಾಗುತ್ತದೆ. ನನಗೆ ತೋರುವಂತೆ ಹೆಸರು ಬದಲಿಸುವ ಉಪಾಯ ಮೊದಲು ಹೊಳೆದದ್ದು ಮಂಡಳಿಗೇ, ಚಿತ್ರಕಾರನಿಗಲ್ಲ. ಇದು ಪ್ರಭುವಿನ ಭೋಜನ ಎನ್ನಬೇಡ, ಬೇರೆ ಊಟ ಎನ್ನು, ನಾವು ಕಣ್ಣು ಮುಚ್ಚುತ್ತೇವೆ ಎಂಬ ಸೂಚನೆ ಆ ನಾಯಿಯ ಮಾತಿನಲ್ಲಿ ಅಡಗಿತ್ತು. ವೆರೊನೇಸೆ ಸೂಚನೆಯನ್ನು ಹಿಡಿದ, ಸೀಮೋನನನ್ನು ಬಿಟ್ಟ. ಸೀಮೋನನ ಮನೆಯಾದರೆ ಮರಿಯಳನ್ನು ಬರೆಯಬೇಕು, ನಾಯಿಯನ್ನು ಅಳಿಸಬೇಕು, ಚಿತ್ರದ ನಡುಭಾಗ ಕೆಡುತ್ತದೆ. ಲೇವಿಯ ಮನೆಯಾದರೆ ಒಂದು ಸಾಲು ಸಾಕು.

ಆದರೆ ಆ ಅಧ್ಯಾಯವನ್ನು ತೆರೆದು ಓದಿದವರಿಗೆ ಇನ್ನೊಂದು ವಿಷಯ ಕಾಣುತ್ತದೆ. ಲೇವಿ ಸುಂಕ ವಸೂಲಿ ಮಾಡುವವನು, ಊರಿಗೆ ಬೇಡವಾದವನು. ಅವನ ಔತಣಕ್ಕೆ ಬಂದವರೂ ಅವನಂಥವರೇ. ಫರಿಸಾಯರೂ ಶಾಸ್ತ್ರಿಗಳೂ ಗೊಣಗುತ್ತಾರೆ: ಇಂಥವರ ಜೊತೆ ಕೂತು ಉಣ್ಣುವುದೇ? ವೈದ್ಯ ಬೇಕಾದದ್ದು ಆರೋಗ್ಯವಂತರಿಗಲ್ಲ, ರೋಗಿಗಳಿಗೆ ಎಂದು ಯೇಸು ಉತ್ತರಿಸುತ್ತಾರೆ. ಕೋಡಂಗಿ, ಕುಡುಕ, ಕುಬ್ಜ, ಪರಕೀಯ ಸಿಪಾಯಿ ಎಂದು ಮಂಡಳಿ ಓದಿದ ಪಟ್ಟಿ ಈ ಔತಣದಲ್ಲಿ ದೋಷಾರೋಪ ಪಟ್ಟಿಯಾಗಿ ಉಳಿಯುವುದಿಲ್ಲ, ಅತಿಥಿಗಳ ಪಟ್ಟಿಯಾಗುತ್ತದೆ. ಯೋಗ್ಯವೇ ಎಂದು ಕೇಳಿದವರಿಗೂ ಕಥೆಯಲ್ಲಿ ಒಂದು ಪಾತ್ರ ಸಿದ್ಧವಾಗಿದೆ, ಅವರು ಬಯಸಿದ ಪಾತ್ರವಲ್ಲ. ಇಷ್ಟನ್ನೂ ವೆರೊನೇಸೆ ಲೆಕ್ಕ ಹಾಕಿ ಮಾಡಿದನೆಂದು ನಾನು ವಾದಿಸುವುದಿಲ್ಲ. ಕೆಲಸ ಉಳಿಸಿಕೊಳ್ಳುವ ಆತುರದಲ್ಲಿದ್ದವನಿಗೆ ಶ್ಲೇಷೆಯ ವ್ಯವಧಾನ ಎಲ್ಲಿಂದ ಬರಬೇಕು? ಆದರೂ ತೊಂದರೆಯಿಂದ ಪಾರಾಗಲು ಹಚ್ಚಿದ ಹೆಸರು ಮೊದಲಿನ ಹೆಸರಿಗಿಂತ ಆ ಮೆಟ್ಟಿಲುಗಳ ಜನಕ್ಕೆ ಹೆಚ್ಚು ಹೊಂದಿಕೊಂಡಿತು.

ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆ. ಹೆಸರು ಬದಲಾದಾಗ ಪರಮಪ್ರಸಾದ, ಅಂದರೆ ಕ್ರಿಸ್ತನ ದೇಹರಕ್ತವೆಂದು ನಂಬುವ ಆ ರೊಟ್ಟಿ ದ್ರಾಕ್ಷಾರಸ, ಚಿತ್ರದಿಂದ ಹೊರನಡೆಯಿತಲ್ಲವೇ? ದೊಮಿನಿಕನ್ ಸನ್ಯಾಸಿಗಳು ಊಟದ ಮನೆಯಲ್ಲಿ ಕೊನೆಯ ಭೋಜನವನ್ನೇ ಏಕೆ ಬಯಸುತ್ತಿದ್ದರು ಎಂಬುದಕ್ಕೆ ಮಿಲಾನಿನಲ್ಲಿ ಅದೇ ಪಂಥದವರ ಭೋಜನಶಾಲೆಗೆ ಲಿಯೊನಾರ್ದೊ ಬರೆದ ಗೋಡೆಯೇ ಸಾಕ್ಷಿ: ದಿನದಿನದ ಊಟ ಆ ಒಂದು ಊಟಕ್ಕೆ ಎದುರಾಗಿ ಕೂರಬೇಕು. ಸುಂಕದವನ ಮನೆಯ ಔತಣ ಎಷ್ಟು ದೊಡ್ಡದಾದರೂ ಅದಕ್ಕೆ ಬದಲಿಯಾಗದು.

ಆದರೆ ಸನ್ಯಾಸಿಗಳಿಗೆ ಕಣ್ಣಿತ್ತು. ಶಿಷ್ಯರು ಹನ್ನೆರಡು ಮಂದಿ ಎಂದು ವೆರೊನೇಸೆಯೇ ಹೇಳಿಕೊಟ್ಟಿದ್ದ; ಲೂಕನ ಐದನೆಯ ಅಧ್ಯಾಯದ ಹೊತ್ತಿಗೆ ಆ ಹನ್ನೆರಡು ಮಂದಿಯ ಆಯ್ಕೆಯೇ ಆಗಿರಲಿಲ್ಲ, ಅದು ಆಗುವುದು ಆರನೆಯ ಅಧ್ಯಾಯದಲ್ಲಿ. ಮೇಜಿನ ಈಚೆ ಬದಿಯಲ್ಲಿ ಯೇಸುವಿನ ಕಡೆ ನೋಡದೆ ಮುಖ ತಿರುಗಿಸಿ ಕೂತ ಒಬ್ಬನಿದ್ದಾನೆ. ಅವನನ್ನು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಎಂದು ಗುರುತಿಸುವವರು ಬಹಳ. ಲೇವಿಯ ಕಥೆಯಲ್ಲಿ ದ್ರೋಹಿಗೆ ಸ್ಥಳವಿಲ್ಲ. ಯೆಹೂದ್ಯರ ಪಾಸ್ಕ ಹಬ್ಬದ ಕುರಿಮರಿಗೂ ಇಲ್ಲ. ಮಂಡಳಿ ಕೇಳಿ ದಾಖಲೆಗೆ ಬರೆಸಿಕೊಂಡ ಆ ಕುರಿಮರಿಯನ್ನು ಪೇತ್ರ ಈಗಲೂ ತುಂಡು ಮಾಡುತ್ತಲೇ ಇದ್ದಾನೆ, ಆ ತುದಿಯವರಿಗೆ ದಾಟಿಸಲು.